ಸೂಲಗಿತ್ತಿಯ ನಿದ್ದೆ

ಮಠದ ದಾಸೋಹದ ಹೊಣೆ ಹೊತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಬುದ್ಧಿ, ಹಸಿದವರು ಬಾಗಿಲಲ್ಲಿ ನಿಂತಿರುವಾಗ ಸೇವೆ ಮಾಡುವವನು ಮಲಗುವುದು ಪಾಪವಲ್ಲವೆ?"

ಅವನ ಕಣ್ಣು ಕೆಂಪಾಗಿತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಂದು ಸೀಮೆಗೆಲ್ಲ ಒಬ್ಬಳೇ ಸೂಲಗಿತ್ತಿ ಇದ್ದಳು. ಕರೆ ಬಂದರೆ ಉಣ್ಣುವ ತುತ್ತು ಬಿಟ್ಟು ಓಡುತ್ತಿದ್ದಳು. ಕರೆ ಬಾರದ ದಿನವೂ ಅವಳ ಕಿವಿ ಬಾಗಿಲಲ್ಲೇ ಇರುತ್ತಿತ್ತು. ವರ್ಷಗಳು ಹೀಗೇ ಕಳೆದವು. ಮೊದಲು ನಿದ್ದೆ ಹೋಯಿತು. ಆಮೇಲೆ ಉಂಡದ್ದು ಮೈಗೆ ಹತ್ತದಾಯಿತು. ಸುಮ್ಮನೆ ಕುಳಿತಾಗಲೂ ಎದೆ ಡವಗುಟ್ಟತೊಡಗಿತು. ಕೈ ನಡುಗುವುದನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡಳು. ತಾನು ನಿಂತರೆ ಬಸುರಿಯರ ಗತಿಯೇನು ಎಂಬುದೊಂದೇ ಅವಳ ಯೋಚನೆ.

ಒಂದು ದಿನ ಆಗತಾನೆ ಹುಟ್ಟಿದ ಕೂಸು ಅವಳ ಕೈಯಿಂದ ಜಾರಿತು. ಪಕ್ಕದಲ್ಲಿದ್ದ ಅಜ್ಜಿ ಮಡಿಲೊಡ್ಡಿದ್ದರಿಂದ ಉಳಿಯಿತು. ಅವಳು ಅಲ್ಲಿಂದ ನೆಟ್ಟಗೆ ವೈದ್ಯನ ಬಳಿಗೆ ಹೋದಳು.

ವೈದ್ಯ ಬಹಳ ಹೊತ್ತು ನಾಡಿ ಹಿಡಿದು ಕುಳಿತ. "ತಾಯಿ, ಇದು ಓಡುವವರ ನಾಡಿ. ಕುಳಿತಲ್ಲೂ ನೀನು ಓಡುತ್ತಿದ್ದೀಯೆ. ಆ ಓಟವೇ ನಿನ್ನ ಹೊಟ್ಟೆಯನ್ನೂ ಎದೆಯನ್ನೂ ಕೆಡಿಸಿದೆ. ಇದಕ್ಕೆ ಮದ್ದು ನನ್ನಲ್ಲಿಲ್ಲ."

"ಹಾಗಾದರೆ ಏನು ಮಾಡಲಿ?"

"ನಿನ್ನ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸು. ಅವರು ಹೋದಾಗ ನೀನು ಮಲಗು."

ಅವಳು ಅಳುತ್ತ ಮನೆಗೆ ಬಂದಳು. ಮರುದಿನವೇ ನಾದಿನಿಯನ್ನೂ ನೆರೆಮನೆಯ ಕುಂಬಾರಗಿತ್ತಿಯನ್ನೂ ಕರೆದು ಕಲಿಸತೊಡಗಿದಳು. ಅವರಿಬ್ಬರೇ ಮೊದಲ ಸಲ ಹೆರಿಗೆ ಮಾಡಿಸಲು ಹೋದ ಮಧ್ಯಾಹ್ನ ಚಾಪೆ ಹಾಸಿ ಮಲಗಿದಳು. ಕಣ್ಣು ಮುಚ್ಚಲಿಲ್ಲ, ಎದ್ದೆದ್ದು ಬಾಗಿಲಿಗೆ ಹೋದಳು. ಅವರು ನಗುತ್ತ ಹಿಂತಿರುಗಿದರು. ತಾಯಿಯೂ ಕೂಸೂ ಕ್ಷೇಮವಾಗಿದ್ದರು. ದಿನ ಕಳೆದಂತೆ ಮಧ್ಯಾಹ್ನಗಳಲ್ಲಿ ನಿದ್ದೆ ಹತ್ತಿತು. ಅನ್ನ ರುಚಿಸಿತು. ಎದೆ ತಣ್ಣಗಾಯಿತು.

ಸುಗ್ಗಿಯ ಹೊತ್ತಿಗೆ ಒಬ್ಬ ನೇಕಾರನ ಹೆಂಡತಿಗೆ ನೋವು ಬಂತು. ಕೂಸು ಅಡ್ಡಲಾಗಿತ್ತು. ಕಲಿತವರಿಬ್ಬರೂ ಸೋತು ಹೇಳಿಕಳಿಸಿದರು. ಸೂಲಗಿತ್ತಿ ಆಗತಾನೆ ಮಲಗಿ ಎದ್ದಿದ್ದಳು. ಹೋದಳು. ಎಣ್ಣೆ ಸವರಿದ ಕೈಗಳಿಂದ ಹೊಟ್ಟೆಯನ್ನು ಮೆಲ್ಲಮೆಲ್ಲನೆ ಒತ್ತುತ್ತ ಕೂಸನ್ನು ತಿರುಗಿಸತೊಡಗಿದಳು. ಹೊತ್ತು ಪಡುವಣಕ್ಕೆ ವಾಲಿದರೂ ಆ ಕೈಗಳು ನಡುಗಲಿಲ್ಲ. ಕೊನೆಗೆ ಕೂಸು ಅತ್ತಿತು. ನೇಕಾರ ಕಂಚಿನ ತಟ್ಟೆ ಬಡಿದ. ಕೇರಿಗೆ ಕೇರಿಯೇ ಹೊರಬಂತು. ಸೂಲಗಿತ್ತಿ ಹೊಸ್ತಿಲಲ್ಲಿ ನಿಂತು, ಎರಡೂ ಕೈಗಳನ್ನು ಬಿಸಿಲಿಗೆ ಚಾಚಿ ನೋಡಿಕೊಂಡು, ಗಟ್ಟಿಯಾಗಿ ನಕ್ಕಳು.

ಗುರುಗಳು ಶಿಷ್ಯನ ಕಡೆ ತಿರುಗಿದರು.

"ಈಗ ನೀನೇ ಹೇಳು, ಮಲಗಿದ್ದ ಆ ಮಧ್ಯಾಹ್ನಗಳಲ್ಲಿ ಅವಳು ಯಾರ ಸೇವೆ ಮಾಡುತ್ತಿದ್ದಳು?"

ಶಿಷ್ಯ ಎದ್ದು ಹೋಗಿ, ದಾಸೋಹದ ಸೌಟನ್ನು ಇನ್ನೊಬ್ಬನ ಕೈಗೆ ಕೊಟ್ಟು, ಚಾಪೆ ಹಾಸಿದ.