ಆಮೆ ಹಿಂತಿರುಗಿಸಿದ ಕೊಡ

ಮಾರ್ಚ್ ಮೂವತ್ತೊಂದರ ಸಂಜೆ ಕಾಡಿನ ನೀರಿನ ಖಜಾನೆಗೆ ಒಂದು ಕೊಡ ನೀರು ವಾಪಸ್ ಬಂದದ್ದರಿಂದ ಎಲ್ಲೆಡೆ ಆತಂಕ ಹರಡಿತು. ವರ್ಷದ ಕೊನೆಯ ದಿನ ಉಳಿದ ನೀರನ್ನು ಬಂಡೆಗಳ ಮೇಲಾದರೂ ಸುರಿದು ಖರ್ಚು ತೋರಿಸುವುದು ಅಲ್ಲಿನ ಇಲಾಖೆಗಳ ಪದ್ಧತಿ.

"ಏನು ಆಮೆಯವರೇ, ನಿಮಗೊಂದು ಬಂಡೆಯೂ ಸಿಗಲಿಲ್ಲವೇ?" ಎಂದಿತು ಖಜಾನೆಯ ಅಧಿಕಾರಿ ನರಿ.

"ನನ್ನದು ಬೆಂಕಿ ನಂದಿಸುವ ಇಲಾಖೆ. ಈ ವರ್ಷ ಬೆಂಕಿ ಬೀಳಲಿಲ್ಲ, ನೀರು ಉಳಿಯಿತು. ಬಿದ್ದ ದಿನ ಕೇಳಿ ಪಡೆಯುತ್ತೇನೆ," ಎಂದಿತು ಆಮೆ.

ನರಿ ಎದ್ದು ನಿಂತು ಕೈಮುಗಿಯಿತು. ಇಂಥ ಮಾತನ್ನು ಅದರ ಅಜ್ಜನೂ ಕೇಳಿರಲಿಲ್ಲ. ರಸ್ತೆ ಇಲಾಖೆಯ ಆನೆ ಬಂಡೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು, "ಕಣ್ಣಾರೆ ಕಂಡೆನಲ್ಲ, ಜನ್ಮ ಸಾರ್ಥಕವಾಯಿತು," ಎಂದು ಕೊಡಕ್ಕೆ ಪ್ರದಕ್ಷಿಣೆ ಹಾಕಿತು. ಕೊಡವನ್ನು ಕಟ್ಟೆಯ ಮೇಲಿಟ್ಟು, ಹಾರ ಹಾಕಿ, ಯಾರೂ ಮುಟ್ಟಬಾರದೆಂದು ಆದೇಶ ಹೊರಡಿಸಲಾಯಿತು.

ಏಪ್ರಿಲ್‌ನಲ್ಲಿ ಬಿದಿರು ಮೆಳೆಗೆ ಬೆಂಕಿ ಬಿತ್ತು. ಹೊಸ ವರ್ಷದ ನೀರು ಇನ್ನೂ ಮಂಜೂರಾಗಿರಲಿಲ್ಲ. ಆಮೆ ತನ್ನ ಕೈಲಾದಷ್ಟು ಓಡಿ ಬಂದು ಕೂಗಿತು: "ಬೇಗ ಆ ನೀರು ಕೊಡಿ ಸ್ವಾಮಿ, ಮೆಳೆಯಲ್ಲಿ ನವಿಲಿನ ಮೊಟ್ಟೆಗಳಿವೆ!"

"ಕಟ್ಟೆಯ ಮುಂದೆ ಮೆಲ್ಲಗೆ ಮಾತನಾಡಿ," ಎಂದಿತು ನರಿ. "ಅದೀಗ ನೀರಲ್ಲ, ಆದರ್ಶ."

ಸಂಜೆಯೊಳಗೆ ಮೆಳೆ ಪೂರ್ತಿ ಸುಟ್ಟುಹೋಯಿತು. ಕೊಡ ಕ್ಷೇಮವಾಗಿದೆ.