ಹಿಮದಮ್ಮನ ಹೊಸಿಲಿನ ನೊರೆಗೆರೆ

ಹಡಗಿನಲ್ಲಿ ಅಡುಗೆ ಮಾಡಿಕೊಂಡು ಹಿಮದ ಕಡಲಿಗೆ ಹೋಗಿ ಬಂದವನು ನಾನು, ನಿನ್ನ ಅಜ್ಜ. ಶೇವಂತಿ, ಗೋಡೆಯ ಮೇಲಿನ ಆ ಫೋಟೋದಲ್ಲಿ ಬಿಳಿ ಹಿಮದ ಮುಂದೆ ನೀರಿನ ಮೇಲೊಂದು ನೊರೆಗೆರೆ ಯಾಕಿದೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ಸುಖದ ಕಥೆಯಲ್ಲ, ಆಮೇಲೆ ಅಳುತ್ತ ಕೂರಬೇಡ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಭೂಮಿಯ ತುದಿಯಲ್ಲಿ ಹಿಮದಮ್ಮ ಇದ್ದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಉಪ್ಪವ್ವ, ಅವಳನ್ನು ದೂರದ ಬಿಸಿಲ ಕಡಲಿಗೆ ಕೊಟ್ಟಿದ್ದರು. ಕಿರಿಯವಳು ಸಿಹಿಯವ್ವ, ತಾಯಿಯ ಮೈಯಿಂದ ಹನಿಹನಿಯಾಗಿ ಇಳಿದ ಹಗುರ ಜೀವ.

ಉಪ್ಪವ್ವ ಮೊದಲ ಸಲ ತವರಿಗೆ ಬಂದಳು. ಬರಿಗೈಲಿ ಬರುವುದುಂಟೇ? ಅಮ್ಮನಿಗೆ ಚಳಿ ಎಂದು ಮಡಿಲ ತುಂಬ ಬಿಸಿಲು ತಂದಳು. ಹೊಸಿಲಲ್ಲೇ ತಾಯಿ ಮಗಳು ತಬ್ಬಿಕೊಂಡರು. ತಬ್ಬಿದ ಕಡೆ ತಾಯಿಯ ತೋಳು ಕರಗಿ ಹೋಯಿತು.

ಆ ತೋಳಿನ ಮೇಲೆ ಸೀಲ್ ಎಂಬ ಕಡಲಪ್ರಾಣಿಯೊಂದು ಮರಿ ಹಾಕಿತ್ತು. ಮರಿಗೆ ಇನ್ನೂ ಈಜು ಬರುತ್ತಿರಲಿಲ್ಲ.

ತಾಯಿ ಸೀಲ್ ನೀರನ್ನು ಕೇಳಿತು, "ನನ್ನ ಮಗು ಎಲ್ಲಿ?" ಗಾಳಿಯನ್ನು ಕೇಳಿತು, "ನನ್ನ ಮಗು ಎಲ್ಲಿ?" ಗಾಳಿ ಮುಖ ತಿರುಗಿಸಿಕೊಂಡು ಹೋಯಿತು.

ಮರುವರ್ಷ ಉಪ್ಪವ್ವ ಮತ್ತೆ ಬಂದಳು. ಹಿಮದಮ್ಮ ಉಳಿದ ಒಂದು ತೋಳನ್ನು ಚಾಚಿದಳು. ಹೆತ್ತ ಕರುಳು, ಏನು ಮಾಡುತ್ತೀ. ಆಗ ಸಿಹಿಯವ್ವ ಹೊಸಿಲಿಗೆ ಅಡ್ಡ ಮಲಗಿದಳು. ತಾಯಿಯ ಕರಗಿದ ತೋಳೆಲ್ಲ ಈಗ ಅವಳ ಮೈಯಲ್ಲೇ ಇತ್ತು.

"ಅಕ್ಕ, ಅಲ್ಲೇ ನಿಲ್ಲು."

"ತವರಿಗೆ ಬಂದವಳನ್ನು ಹೊಸಿಲಲ್ಲೇ ನಿಲ್ಲಿಸುತ್ತೀಯೇನೇ?"

"ನೀನು ಪ್ರೀತಿಯಿಂದಲೇ ತಬ್ಬುತ್ತೀಯ ಅಕ್ಕ. ಆದರೆ ಅಮ್ಮ ಉಳಿಯೋದಿಲ್ಲ."

ಉಪ್ಪವ್ವ ಆ ಸೀಲಿನ ಕಡೆ ನೋಡಿದಳು. ಅದು ಇನ್ನೂ ಹುಡುಕುತ್ತಲೇ ಇತ್ತು. ಮಡಿಲ ಬಿಸಿಲು ಆರಿತು, ಉಪ್ಪಿನ ಮೈ ಭಾರವಾಯಿತು, ನಿಂತಲ್ಲೇ ಕೆಳಗೆ ಮುಳುಗಿದಳು. ಅವಳ ಅಳು ಮಾತ್ರ ನೊರೆಯಾಗಿ ಮೇಲೆ ಉಳಿಯಿತು. ಬಿಸಿಲಿನ ಜೊತೆ ತವರಿಗೆಂದು ತಂದಿದ್ದ ಸಣ್ಣ ಸಿಗಡಿಗಳು ಅಲ್ಲೇ ಚೆಲ್ಲಿದವು. ಮೀನು ಬಂದವು, ಹಕ್ಕಿ ಬಂದವು, ತಿಮಿಂಗಿಲವೂ ಬಂತು. ಯಾರ ಮನೆಯ ದುಃಖವಾದರೇನು, ಹಸಿದವರಿಗೆ ಊಟ ಕಂಡರೆ ಸಾಕು.

ತವರಿನ ಆಸೆ ಅಷ್ಟಕ್ಕೇ ಸಾಯುತ್ತದೆಯೇ? ತಂಗಿಯ ಕಣ್ಣು ತಪ್ಪಿಸಿ ಉಪ್ಪವ್ವ ತಳದಲ್ಲೇ ತೆವಳಿ ಬಂದು ತಾಯಿಯ ಪಾದ ಮುಟ್ಟುತ್ತಾಳೆ. ಮುಟ್ಟಿದಷ್ಟೂ ಪಾದ ಸವೆಯುತ್ತದೆ. ತಾಯಿಗೆ ಗೊತ್ತು, ಆದರೂ ಕಾಲು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ.

ಅದಕ್ಕೇ ಶೇವಂತಿ, ಇವತ್ತಿಗೂ ಹಿಮದಂಚಿನಲ್ಲಿ ಉಪ್ಪುನೀರು ಸಿಹಿನೀರು ಎರಡೂ ಮೈಗೆ ಮೈ ತಾಗಿಸಿಕೊಂಡೂ ಬೆರೆಯದೆ ನಿಲ್ಲುತ್ತವೆ, ನಡುವಿನ ನೊರೆಗೆರೆಯಲ್ಲಿ ಹಕ್ಕಿಗಳು ಕುಕ್ಕಿ ತಿನ್ನುತ್ತವೆ, ಮತ್ತು ಆ ಫೋಟೋದಲ್ಲಿ ಅಷ್ಟು ಗಟ್ಟಿಯಾಗಿ ಕಾಣುವ ಹಿಮ, ಹಡಗಿನಲ್ಲಿದ್ದ ನಾವು ನೋಡನೋಡುತ್ತಲೇ ಬುಡದಿಂದ ಮುರಿದು ಬಿತ್ತು.