ಕೆರೆಯ ದಂಡೆಗೆ ಬಾಗಿಲು ತೋಡಿದ ಹೆಗ್ಗಣ

ಮಕ್ಕಳೇ, ಬಿಳಿಕಲ್ಲು ಕೆರೆ ಯಾವ ತಾಲ್ಲೂಕಿನಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಒಂದು ಕುರುಚಲು ಕಾಡಿನ ನಡುವೆ ಇದೆ, ಅಷ್ಟು ಸಾಕು. ಮೂರು ಕಡೆ ಗುಡ್ಡ, ಒಂದು ಕಡೆ ಉದ್ದನೆಯ ಮಣ್ಣಿನ ಏರಿ. ಆ ಏರಿ ತಡೆದು ನಿಲ್ಲಿಸಿರುವುದರಿಂದಲೇ ಅಲ್ಲಿ ನೀರು ನಿಂತಿದೆ.

ಪ್ರತಿ ವರ್ಷ ಚಳಿ ಶುರುವಾಗುವ ಹೊತ್ತಿಗೆ ಹಿಮದ ಬೆಟ್ಟಗಳನ್ನು ದಾಟಿಕೊಂಡು ಹೆಬ್ಬಾತುಗಳ ಹಿಂಡು ಈ ಕೆರೆಗೆ ಬರುತ್ತದೆ. ಈಗೀಗ ನಮ್ಮ ಸಣ್ಣಪುಟ್ಟ ಊರುಗಳಿಗೂ ವಿಮಾನ ನಿಲ್ದಾಣ ಬರುತ್ತಿದೆಯಲ್ಲ, ಹಕ್ಕಿಗಳ ಪಾಲಿಗೆ ಈ ಕೆರೆ ಅಂಥದ್ದೇ ಒಂದು ನಿಲ್ದಾಣ. ಕಾಲು ಮುಂದೆ ಚಾಚಿ ನೀರಿನ ಮೇಲೆ ಸರ್ರನೆ ಜಾರುತ್ತಾ ಅವು ಇಳಿಯುವುದನ್ನು ನೋಡಲು ಮೊಲದ ಮರಿಗಳು ಏರಿಯ ಮೇಲೆ ಸಾಲಾಗಿ ಕೂರುತ್ತಿದ್ದವು.

ಆದರೆ ಹೋದ ವರ್ಷ ಒಂದು ಎಡವಟ್ಟಾಯಿತು. ಅಷ್ಟು ದೂರದಿಂದ ಹಾರಿ ಬಂದ ಹೆಬ್ಬಾತುಗಳಿಗೆ ದಂಡೆಯಲ್ಲಿ ಒಂದು ಹಿಡಿ ಕಾಳು ಕೊಡುವವರೂ ಇರಲಿಲ್ಲ. ಮೊದಲು ದಂಡೆಯಲ್ಲಿದ್ದ ಅಂಗಡಿಗಳೆಲ್ಲ ಒಂದೊಂದಾಗಿ ಕಾಡಿನ ಒಳಗೆ, ನೆರಳಿಗೆ ಸರಿದಿದ್ದವು. "ಇಳಿಯಲು ಜಾಗವೇನೋ ಚೆನ್ನಾಗಿದೆ, ಹೊಟ್ಟೆಗೇನು ಮಾಡೋಣ?" ಎಂದು ಕೇಳಿದ ಹಿಂಡಿನ ಯಜಮಾನಿ, ಮಾರನೇ ದಿನವೇ ಎಲ್ಲರನ್ನೂ ಕರೆದುಕೊಂಡು ಬೇರೆ ಕೆರೆಗೆ ಹೋಗಿಬಿಟ್ಟಳು.

ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ನಾಲ್ಕು ತಿಂಗಳು ಹೆಬ್ಬಾತುಗಳು ಹಾಕುವ ಹಿಕ್ಕೆಯಿಂದಲೇ ಕೆರೆಯ ಸುತ್ತ ಹುಲ್ಲು, ಕಾಳು ಹುಲುಸಾಗಿ ಬೆಳೆಯುತ್ತಿತ್ತು. ಹಿಕ್ಕೆ ಎಂದ ಕೂಡಲೇ ಮೂಗು ಮುಚ್ಚಿಕೊಂಡು ನಗುವವರು ನಗಿ, ಆಮೇಲೆ ಕತೆ ಕೇಳಿ. ಆ ವರ್ಷ ಹಿಕ್ಕೆ ಇಲ್ಲದೆ ಬೆಳೆ ಅರ್ಧಕ್ಕರ್ಧ ಕಡಿಮೆಯಾಯಿತು.

ಕಾಡಿನ ಹಿರಿಯ ಆಮೆ. ಎಲ್ಲರೂ ಅವನನ್ನು ಪಟೇಲಜ್ಜ ಎನ್ನುತ್ತಿದ್ದರು. ಅವನು ಸಭೆ ಕರೆದ.

ಆ ಕಾಡಿನಲ್ಲಿ ಒಂದು ಕಟ್ಟಳೆ ಇತ್ತು. ಅಂಗಡಿ ಇಟ್ಟವರು ತಮ್ಮ ಹತ್ತು ಬುಟ್ಟಿಯಲ್ಲಿ ಒಂದು ಬುಟ್ಟಿಯನ್ನು ಊರ ಕಣಜಕ್ಕೆ ಹಾಕಬೇಕು. ಬೇಸಿಗೆಯಲ್ಲಿ ಯಾರಿಗೆ ಕೂಳಿಲ್ಲವೋ ಅವರಿಗೆ ಆ ಕಣಜದಿಂದ ಕೊಡುತ್ತಿದ್ದರು.

"ಈ ವರ್ಷದಿಂದ," ಎಂದ ಪಟೇಲಜ್ಜ, "ಕೆರೆಯ ದಂಡೆಗೆ ಬಾಗಿಲಿರುವ ಅಂಗಡಿಗೆ ಎರಡು ವರ್ಷ ಹತ್ತರ ಪಾಲು ಮಾಫಿ. ಹೆಬ್ಬಾತುಗಳು ಬಂದಾಗ ದಂಡೆಯಲ್ಲಿ ತಿನ್ನಲು ಸಿಗಬೇಕು, ಅದಕ್ಕೆ."

"ಅಜ್ಜ, ಅಲ್ಲಿ ನೆರಳಿಲ್ಲ. ಮೇಲೆ ಹದ್ದು ಬೇರೆ ಸುತ್ತುತ್ತಿರುತ್ತದೆ," ಎಂದಿತು ಮೊಲ.

"ಅದಕ್ಕೇ ಅಲ್ಲವೇನೋ ಮಾಫಿ ಕೊಡುತ್ತಿರುವುದು? ಸುಖವಾಗಿ ನೆರಳಲ್ಲಿ ಕೂತವನಿಗೆ ಯಾಕೆ ಕೊಡಲಿ?"

ಮೊದಲು ಎದ್ದವಳು ನೀರುಕೋಳಿ ಕೆಂಚಮ್ಮ. ನಾಲ್ಕು ಮರಿಗಳ ತಾಯಿ. "ನಾನು ಹೋಗುತ್ತೇನೆ ಅಜ್ಜ. ಜೊಂಡಿನ ನಡುವೆ ಗೂಡು ಕಟ್ಟಿಕೊಳ್ಳುತ್ತೇನೆ. ಸುತ್ತ ನೀರಿದ್ದರೆ ಮರಿಗಳಿಗೆ ಭಯವಿಲ್ಲ," ಎಂದಳು. ಮರುದಿನವೇ ದಂಡೆಯಲ್ಲಿ ಹುಲ್ಲಿನ ಬೀಜ, ಜೊಂಡಿನ ಗೆಡ್ಡೆಗಳ ಅಂಗಡಿ ತೆರೆದಳು. ಅವಳನ್ನು ನೋಡಿ ಇನ್ನೂ ಮೂರು ನಾಲ್ಕು ಜನ ಬಂದರು.

ಏರಿಯ ಹಿಂಬದಿಯಲ್ಲಿ, ಹೊಂಗೆ ಮರದ ಬುಡದಲ್ಲಿ, ಹೆಗ್ಗಣ ದುಂಡಣ್ಣನ ಬಿಲ. ಕಡಲೆ ವ್ಯಾಪಾರದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಿಲದೊಳಗೆ ಕಾಳು ಕೂಡಿಡುವ ಎರಡು ಹಗೇವು, ಎರಡರ ತುಂಬ ಕಡಲೆ. ವರ್ಷಕ್ಕೊಮ್ಮೆ ಕಣಜಕ್ಕೆ ಬುಟ್ಟಿ ಹೊರುವಾಗ ಮಾತ್ರ ಅವನಿಗೆ ಸೊಂಟ ನೋವು, ಕಾಲು ನೋವು, ಇಲ್ಲದ ನೋವೆಲ್ಲ ಬರುತ್ತಿತ್ತು.

ಮಾಫಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಮೀಸೆ ಕುಣಿಯಿತು. "ದಂಡೆಗೆ ಬಾಗಿಲಿದ್ದರೆ ಸಾಕು ಎಂದರಲ್ಲ? ಅಂಗಡಿ ಅಲ್ಲೇ ಇರಬೇಕು ಎಂದು ಯಾರೂ ಹೇಳಲಿಲ್ಲ," ಎಂದುಕೊಂಡ.

ಒಂಬತ್ತು ದಿನ ತೋಡಿದ. ಹೊಂಗೆ ಮರದ ಬುಡದಿಂದ ಏರಿಯ ಹೊಟ್ಟೆಯನ್ನು ಸೀಳಿಕೊಂಡು ಹೋಗಿ ಆಚೆ ಕೆರೆಯ ಕಡೆಗೆ ಮೂತಿ ಹಾಕಿದ. ಬಿಲಕ್ಕೆ ಈಗ ಎರಡು ಬಾಯಿ. ಕೆರೆಯ ಕಡೆಯ ಬಾಯಿಗೆ ಒಂದು ಮುತ್ತುಗದ ಎಲೆ ಮುಚ್ಚಿ, "ಇದೇ ನನ್ನ ಅಂಗಡಿಯ ಬಾಗಿಲು" ಎಂದ.

ಹೊರಗೆ ಬಿದ್ದಿದ್ದ ಹಸಿ ಮಣ್ಣು ನೋಡಿ ಕೆಂಚಮ್ಮ ಗಾಬರಿಯಾದಳು. "ದುಂಡಣ್ಣ, ಏರಿಯನ್ನೇ ಕೊರೆದಿದ್ದೀಯಲ್ಲ. ಕೆರೆ ತುಂಬಿದರೆ ಏನು ಗತಿ?"

"ನೀರು ಎಲ್ಲೋ ಇಪ್ಪತ್ತು ಹೆಜ್ಜೆ ಕೆಳಗಿದೆ ಕಣಮ್ಮ. ನಿನ್ನ ಗೆಡ್ಡೆ ನೀನು ಮಾರಿಕೋ," ಎಂದು ಅವನು ಒಳಗೆ ಹೋದ.

ಅಂಗಡಿಗಳನ್ನು ನೋಡಿ ಬರುವ ಕೆಲಸ ಓತಿಕ್ಯಾತನದು. ಓತಿಕ್ಯಾತನ ಸಂಗತಿ ನಿಮಗೆ ಗೊತ್ತಲ್ಲ, ಏನು ಹೇಳಿದರೂ ತಲೆ ಆಡಿಸುತ್ತಾನೆ.

"ಇದು ಬಾಗಿಲು ತಾನೇ?" ಎಂದ ದುಂಡಣ್ಣ. ಓತಿಕ್ಯಾತ ತಲೆಯಾಡಿಸಿದ.

"ಕೆರೆಯ ದಂಡೆಗೇ ಇದೆ ತಾನೇ?" ಮತ್ತೆ ತಲೆಯಾಡಿಸಿದ.

"ಹಾಗಾದರೆ ಮಾಫಿ ತಾನೇ?" ಮೂರನೇ ಸಲವೂ ತಲೆಯಾಡಿಸಿದ. ಒಳಗೆ ಇಣುಕಿ ನೋಡುವ ಗೋಜಿಗೂ ಹೋಗಲಿಲ್ಲ. ಅಲ್ಲಿಗೆ ದುಂಡಣ್ಣನ ಪಾಲು ಕಣಜಕ್ಕೆ ಬರುವುದು ನಿಂತಿತು.

ಒಂದು ದಿನ ದಣಿದ ಬಾತುಕೋಳಿಗಳ ಗುಂಪೊಂದು ಬಂದು ಮುತ್ತುಗದ ಎಲೆಯನ್ನು ತಟ್ಟಿತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು. "ಈ ಕಡೆ ಏನೂ ಸಿಗೋದಿಲ್ಲ. ಏರಿ ಸುತ್ತಿಕೊಂಡು ಹೊಂಗೆ ಮರದ ಹತ್ತಿರ ಬನ್ನಿ."

"ರೆಕ್ಕೆ ಬಿದ್ದುಹೋಗುವ ಹಾಗಿದೆ. ಇನ್ನು ನಡೆಯಲೂ ಬೇಕೇನಪ್ಪ?" ಎಂದು ಗೊಣಗಿಕೊಂಡು ಅವು ಕೆಂಚಮ್ಮನ ಅಂಗಡಿಗೆ ಹೋದವು.

ಆಮೇಲೆ ಚಿತ್ತಾ ಮಳೆ ಹಿಡಿಯಿತು. ಮೂರು ದಿನ ಬಿಡದೆ ಸುರಿಯಿತು. ಗುಡ್ಡದ ಹಳ್ಳಗಳೆಲ್ಲ ಕೆಂಪು ನೀರು ತಂದು ಕೆರೆಗೆ ಸುರಿದವು. ಕಾಡಿನವರು ಖುಷಿಯಿಂದ ಕುಣಿದರು. ನಾಲ್ಕನೇ ದಿನ ಬೆಳಗ್ಗೆ ಮಳೆ ನಿಂತು ಬಿಸಿಲು ಬಂದಾಗ, ಕೆರೆಯ ನೀರು ಮುತ್ತುಗದ ಎಲೆಯನ್ನು ಮುಟ್ಟಿತು. ಎಲೆ ಒಂದು ಸುತ್ತು ತಿರುಗಿ ಒಳಗೆ ಹೋಯಿತು. ಅದರ ಹಿಂದೆಯೇ ನೀರು ನುಗ್ಗಿತು.

ದುಂಡಣ್ಣ ಇನ್ನೂ ಮಲಗಿದ್ದ. ಮೊದಲು ಬಾಲ ಒದ್ದೆಯಾಯಿತು, ಆಮೇಲೆ ಹೊಟ್ಟೆ. ಕಣ್ಣು ಬಿಡುವಷ್ಟರಲ್ಲಿ ನೀರು ಅವನನ್ನು ಹೊಂಗೆ ಮರದ ಬುಡಕ್ಕೆ ಒಗೆದುಬಿಟ್ಟಿತ್ತು. ಹಿಂದೆಯೇ ಮಣ್ಣಿನ ಹೆಂಟೆಗಳು ಕಳಚಿಕೊಂಡು ಬರುತ್ತಿದ್ದವು. ಏರಿ ಒಳಗಿನಿಂದ ಕರಗುತ್ತಿತ್ತು.

ಏರಿಯ ಮೇಲೆ ಎಲ್ಲರೂ ಸೇರಿದರು. ಬಿಲದ ಬಾಯಿಗೆ ಕಲ್ಲು ಹಾಕಿದರು, ಉರುಳಿ ಆಚೆ ಬಂತು. ಹುಲ್ಲಿನ ಕಂತೆ ತುರುಕಿದರು, ಅದೂ ಆಚೆ ಬಂತು.

ಕೆಂಚಮ್ಮ ಯಾರನ್ನೂ ಬೈಯಲಿಲ್ಲ. "ನೀರು ಇಳಿದರೆ ನನ್ನ ಗೂಡು ಬಯಲಿಗೆ ಬೀಳುತ್ತದೆ. ಮರಿಗಳಿಗೆ ಇನ್ನೂ ಓಡಲು ಬರೋದಿಲ್ಲ," ಎಂದಳಷ್ಟೇ. ಮೇಲೆ ಹದ್ದು ಆಗಲೇ ಎರಡು ಸುತ್ತು ಹಾಕಿತ್ತು.

ದುಂಡಣ್ಣನಿಗೆ ಒಂದು ವಿಷಯ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಬಿಲದ ಕೆಳ ಹಗೇವಿಗೆ ಮೂರು ದಿನದಿಂದ ನೀರು ಜಿನುಗಿ, ಅಲ್ಲಿದ್ದ ಕಡಲೆ ನೆನೆದು ಒಂದಕ್ಕೆ ಎರಡಾಗಿ ಊದಿಕೊಂಡಿತ್ತು. ಎಷ್ಟು ಬಿಗಿಯಾಗಿತ್ತೆಂದರೆ ನಿನ್ನೆ ಅವನ ಉಗುರೂ ಅದರೊಳಗೆ ಇಳಿದಿರಲಿಲ್ಲ. ಬಿಲದ ನಡುವೆ ಒಂದು ಕಿರಿದಾದ ತಿರುವೂ ಇತ್ತು. ಮೇಲಿನ ಹಗೇವು ಮಾತ್ರ ಎತ್ತರದಲ್ಲಿತ್ತು, ಅದರಲ್ಲಿನ ಕಡಲೆ ಒಣಗಿಯೇ ಇತ್ತು. ಅವನ ಸಂಪತ್ತೆಲ್ಲ ಈಗ ಅದೇ. ಸುಮ್ಮನಿದ್ದರೆ ಅದನ್ನು ಹೊತ್ತುಕೊಂಡು ಬೇರೆ ಕಾಡಿಗೆ ಹೋಗಬಹುದಿತ್ತು.

ಅವನು ಕೆಂಚಮ್ಮನ ಮುಖ ನೋಡಿದ. ನೋಡಬಾರದಿತ್ತು, ನೋಡಿಬಿಟ್ಟ.

"ಅಜ್ಜ, ನನ್ನ ಕಡಲೆ ಹಾಕೋಣ," ಎಂದ. "ಕೆರೆಯ ಕಡೆಯಿಂದ ಸುರಿದರೆ ನೀರೇ ಅದನ್ನು ಬಿಲದ ನಡುವಿನ ತಿರುವಿಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಊದಿಕೊಂಡು ಕಚ್ಚಿಕೊಳ್ಳುತ್ತದೆ."

"ಎಷ್ಟು ಬುಟ್ಟಿ ಬೇಕಾಗಬಹುದೋ?"

ದುಂಡಣ್ಣ ಮೇಲಿನ ಹಗೇವಿನ ಕಡೆ ಒಮ್ಮೆ ನೋಡಿದ. "ಇರುವಷ್ಟೂ."

ಹೊಂಗೆ ಮರದಿಂದ ಏರಿಯ ತುದಿಯವರೆಗೆ ಎಲ್ಲರೂ ಸಾಲಾಗಿ ನಿಂತರು. ದುಂಡಣ್ಣ ಮೇಲಿನ ಹಗೇವಿಗೆ ಹೊರಗಿನಿಂದಲೇ ಕನ್ನ ಕೊರೆದು ಕಡಲೆ ತೆಗೆದುಕೊಟ್ಟ. ಬುಟ್ಟಿಗಳು ಕೈಯಿಂದ ಕೈಗೆ ಹೋದವು. ಕಡಲೆ ಸುರಿದರು, ಮೇಲೆ ಜೇಡಿಮಣ್ಣು ಹಾಕಿದರು, ಮತ್ತೆ ಕಡಲೆ ಸುರಿದರು. ಪ್ರತಿ ಬುಟ್ಟಿ ಹೋದಾಗಲೂ ಅವನು ಒಂದು ನಿಟ್ಟುಸಿರು ಬಿಡುತ್ತಿದ್ದ, ಆದರೆ ಕೈ ನಿಲ್ಲಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಚೆ ಬರುವ ನೀರು ತೆಳುವಾಯಿತು. ಸಂಜೆಗೆ ನಿಂತೇಹೋಯಿತು. ಕೆಂಚಮ್ಮನ ಮರಿಗಳು ಜೊಂಡಿನ ನಡುವೆ ಈಜುತ್ತಿದ್ದವು.

ಅಷ್ಟರಲ್ಲಿ ಹಗೇವು ಬರಿದಾಗಿತ್ತು. ಒಂದು ಬುಟ್ಟಿ ಉಳಿಸಲು ಹೋದವನು ಹತ್ತನ್ನೂ ಕೆರೆಗೆ ಸುರಿದು ಬರಿಗೈಯಲ್ಲಿ ಕೂತಿದ್ದ. ಓತಿಕ್ಯಾತ ಬಂದು ಪಕ್ಕದಲ್ಲಿ ಕೂತ. ಅಂದು ಮಾತ್ರ ಅವನ ತಲೆ ಆಡಲಿಲ್ಲ, ತಗ್ಗಿತ್ತು.

ಹದಿನೈದು ದಿನಕ್ಕೆ ಹೆಬ್ಬಾತುಗಳು ಬಂದವು. ತುಂಬಿದ ಕೆರೆಯಲ್ಲಿ ಸರ್ರನೆ ಇಳಿದು, ದಂಡೆಯ ಅಂಗಡಿಗಳನ್ನು ನೋಡಿ ಗದ್ದಲವೆಬ್ಬಿಸಿದವು. "ಈ ಸಲ ಚಳಿ ಮುಗಿಯುವವರೆಗೂ ಇಲ್ಲೇ," ಎಂದಳು ಯಜಮಾನಿ.

ದುಂಡಣ್ಣ ದೂರದಲ್ಲಿ ಕೂತು ನೋಡುತ್ತಿದ್ದ. ಪಟೇಲಜ್ಜ ಮೆಲ್ಲಗೆ ಬಂದು ಅವನ ಮುಂದೆ ಒಂದು ಬುಟ್ಟಿ ಕಾಳು ಇಟ್ಟ. "ಊರ ಕಣಜದ್ದು."

"ನಾನು ಅದಕ್ಕೆ ಈ ವರ್ಷ ಒಂದು ಕಾಳೂ ಹಾಕಿಲ್ಲ ಅಜ್ಜ."

"ಗೊತ್ತು. ಹಾಕಿದವರೇ ಕಳಿಸಿದ್ದಾರೆ. ತಗೋ."

ದುಂಡಣ್ಣ ಕಣ್ಣೊರೆಸಿಕೊಂಡ. ಬುಟ್ಟಿ ಹೊತ್ತು ನೇರವಾಗಿ ದಂಡೆಗೆ ಹೋದ. ನೆರಳಿಲ್ಲ, ಮೇಲೆ ಹದ್ದು. ಕೆಂಚಮ್ಮ ತನ್ನ ಅಂಗಡಿಯನ್ನು ಸ್ವಲ್ಪ ಸರಿಸಿ, "ಇಲ್ಲಿ ಕೂತುಕೋ ಅಣ್ಣ," ಎಂದಳು. ಅವನು ಕಾಳನ್ನು ಹತ್ತು ಗುಡ್ಡೆ ಮಾಡಿದ. ಒಂದು ಗುಡ್ಡೆಯನ್ನು ಎತ್ತಿ ಬುಟ್ಟಿಗೆ ಹಾಕಿ, ಹಿಂದೆಯೇ ಬಂದಿದ್ದ ಪಟೇಲಜ್ಜನ ಕಡೆ ಚಾಚಿದ.

"ಇದೇನೋ?" ಎಂದ ಪಟೇಲಜ್ಜ. "ಈಗ ನಿಜವಾಗಿಯೂ ದಂಡೆಗೆ ಬಂದಿದ್ದೀಯ. ನಿನಗೆ ಮಾಫಿ ಇದೆ ಮಾರಾಯ."

"ಇದೆ ಅಜ್ಜ. ಆದರೂ ತಗೊಳ್ಳಿ," ಎಂದ ದುಂಡಣ್ಣ.

ನೀತಿ: ಎಲ್ಲರ ಒಳಿತಿಗಾಗಿ ಕೊಟ್ಟ ರಿಯಾಯಿತಿಯನ್ನು ಅದಕ್ಕೆ ತಕ್ಕ ಕೆಲಸ ಮಾಡದೆ ಬಾಚಿಕೊಳ್ಳಲು ಹೋದವನು, ತನ್ನನ್ನೂ ಕಾಯುವ ಏರಿಗೇ ತೂತು ಕೊರೆಯುತ್ತಾನೆ.